ಬಾರ್ ತುದಿ ತಾಗಿದರೆ ಚೈನ್‌ಸಾ ಮುಖಕ್ಕೆ ಹಾರುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಚೈನ್‌ಸಾ ಬಗ್ಗೆ ಕೇಳಿದವೇ ಜಾಸ್ತಿ. ಮೇ ತಿಂಗಳು ಅಂದರೆ ಹಾಗೇ ಅಲ್ವಾ? ಮಳೆ ಹಿಡಿಯುವ ಮೊದಲು ಸೌದೆ ಒಟ್ಟಬೇಕು, ತೋಟದ ನೆರಳು ತೆಗೆಸಬೇಕು, ಮನೆ ಕಡೆ ಬಾಗಿದ ಕೊಂಬೆ ಇಳಿಸಬೇಕು. ನಾನು ಹತ್ತು ವರ್ಷ ಎಸ್ಟೇಟುಗಳಲ್ಲಿ ಮರ ಕೊಯ್ದವನು. ಈಗ ಹದಿನೆಂಟು ವರ್ಷದಿಂದ ಕೊಪ್ಪದ ಹತ್ತಿರ ಇದೇ ಮಿಷನ್‌ಗಳ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಕೈಯಾರೆ ಬಿಚ್ಚಿ ನೋಡಿದ್ದನ್ನು, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದಿದ್ದೇನೆ.

ಪ್ರಶ್ನೆ: ಹೊಸ ಚೈನ್‌ಸಾ ತಗೊಂಡು ವಾರವಾಯಿತು. ಬಿದ್ದ ಮಾವಿನ ಕೊಂಬೆ ತುಂಡು ಮಾಡುವಾಗ ಮಿಷನ್ ಒಮ್ಮೆಲೇ ಎಗರಿ ಮುಖದ ಹತ್ತಿರ ಬಂತು. ಮಿಷನ್ನಿನಲ್ಲೇ ದೋಷವೇ? ಬದಲಿಸಿ ಕೊಡಿ ಅಂತ ಕೇಳಲೇ?
(ತೀರ್ಥಹಳ್ಳಿಯ ಓದುಗರು)

ಉತ್ತರ: ನಿಮಗೆ ಗಾಯ ಆಗಲಿಲ್ಲವಲ್ಲ, ಅದೇ ದೊಡ್ಡ ಸಮಾಧಾನ. ನಿಮ್ಮ ಮಿಷನ್ ಸರಿಯಾಗೇ ಇದೆ ಅಂತ ಕಾಣುತ್ತದೆ. ಬಾರ್‌ನ, ಅಂದರೆ ಚೈನ್ ಸುತ್ತಿಕೊಂಡು ಓಡುವ ಉದ್ದ ಪಟ್ಟಿಯ, ತುದಿ ಇನ್ನೊಂದು ಕೊಂಬೆಗೆ ತಾಗಿರಬೇಕು. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ.

ಚೈನ್ ಬಾರ್‌ನ ಮೇಲ್ಗಡೆ ನಿಮ್ಮಿಂದ ದೂರಕ್ಕೆ ಓಡುತ್ತದೆ. ತುದಿಯಲ್ಲಿ ತಿರುಗಿ ಕೆಳಗಡೆಯಿಂದ ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಬಾರ್ ಬಲಕ್ಕೆ ಚಾಚಿದೆ ಅಂದುಕೊಂಡು ಅದರ ತುದಿಯನ್ನು ಗಡಿಯಾರದ ಹಾಗೆ ನೋಡಿ. ಹನ್ನೆರಡರಿಂದ ಮೂರು ಗಂಟೆವರೆಗಿನ ಕಾಲು ಭಾಗವೇ ಅಪಾಯದ ಜಾಗ. ಅಲ್ಲಿ ಚೈನ್ ಬಾಗುವುದರಿಂದ ಹಲ್ಲು ಮರವನ್ನು ಅಗತ್ಯಕ್ಕಿಂತ ಆಳಕ್ಕೆ ಕಚ್ಚುತ್ತದೆ, ಕಚ್ಚಿ ಸಿಕ್ಕಿಕೊಳ್ಳುತ್ತದೆ. ಇಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆ ಶಕ್ತಿಗೆ ಹೋಗಲು ಬೇರೆ ದಾರಿ ಇಲ್ಲ, ಇಡೀ ಬಾರ್ ಮೇಲಕ್ಕೂ ಹಿಂದಕ್ಕೂ ಎಗರುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ. ಗಟ್ಟಿ ರಟ್ಟೆಯವನೂ ಅದನ್ನು ತಡೆಯಲಾರ.

2005ರಲ್ಲಿ ನನಗೆ ಇದೇ ಆಯಿತು. ಸಿಲ್ವರ್ ಮರದ ರೆಂಬೆ ಕೊಯ್ಯುತ್ತಿದ್ದೆ, ಭುಜಕ್ಕಿಂತ ಎತ್ತರದಲ್ಲಿ. ಹಿಂದಿದ್ದ ಇನ್ನೊಂದು ರೆಂಬೆ ಸೊಪ್ಪಿನಲ್ಲಿ ಮುಚ್ಚಿಹೋಗಿತ್ತು. ಮಿಷನ್ನಿನ ಮುಂದಿನ ಗಾರ್ಡ್ ಅನ್ನು ಯಾರೋ ಮೊದಲೇ ಬಿಚ್ಚಿ ಹಾಕಿದ್ದರು. ಅಡ್ಡ ಬರುತ್ತದೆ ಅಂತ. ಎಡ ಭುಜಕ್ಕೆ ಹನ್ನೊಂದು ಹೊಲಿಗೆ ಬಿತ್ತು. ಆ ಗಾರ್ಡ್ ಸುಮ್ನೆ ಕೊಟ್ಟದ್ದಲ್ಲ, ಅದೇ ಚೈನ್ ಬ್ರೇಕು. ಮಿಷನ್ ಎಗರಿದಾಗ ನಿಮ್ಮ ಎಡ ಮಣಿಕಟ್ಟು ಅದಕ್ಕೆ ಬಡಿದು, ಇಲ್ಲವೇ ಎಗರಿದ ರಭಸಕ್ಕೇ ಅದು ಮುಂದಕ್ಕೆ ಬಿದ್ದು ಚೈನ್ ನಿಂತುಬಿಡುತ್ತದೆ. ದಯವಿಟ್ಟು ಯಾರೂ ಅದನ್ನು ಬಿಚ್ಚಬೇಡಿ. ದಿನಾ ಕೆಲಸ ಶುರು ಮಾಡುವ ಮುಂಚೆ ಪರೀಕ್ಷೆ ಮಾಡಿ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಒಂದು ಕ್ಷಣ ಪೂರ್ತಿ ರೇಸ್ ಕೊಟ್ಟು, ಹಿಡಿ ಬಿಡದೆ ಎಡ ಮಣಿಕಟ್ಟಿನಿಂದ ಗಾರ್ಡ್ ಒತ್ತಿ. ಚೈನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಮರ ಕೊಯ್ಯಬೇಡಿ, ಮಿಷನ್ ರಿಪೇರಿಗೆ ತನ್ನಿ.

ಮುಂದಿನ ಹಿಡಿಯನ್ನು ಎಡಗೈ ಹೆಬ್ಬೆರಳು ಸುತ್ತಿ ಹಿಡಿಯಬೇಕು. ಬರೀ ನಾಲ್ಕು ಬೆರಳು ಮೇಲಿಟ್ಟು ಹಿಡಿಯುವವರನ್ನು ತುಂಬಾ ನೋಡಿದ್ದೇನೆ. ಎಗರಿದಾಗ ಆ ಕೈ ಜಾರಿ ಸೀದಾ ಚೈನ್ ಮೇಲೇ ಬೀಳುತ್ತದೆ. ಬಾರ್‌ನ ನೇರಕ್ಕೆ ತಲೆ ಇಡಬೇಡಿ, ಸ್ವಲ್ಪ ಎಡಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಕೊಯ್ಯಲೇಬೇಡಿ, ಏಣಿ ಹತ್ತಿಯಂತೂ ಬೇಡವೇ ಬೇಡ. ಸ್ಟಾರ್ಟ್ ಮಾಡುವಾಗ ಮಿಷನ್ ನೆಲದ ಮೇಲಿರಲಿ, ಬ್ರೇಕ್ ಹಾಕಿರಲಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ತುದಿ ಇರಲಿ. ಗಾಳಿಯಲ್ಲಿ ಹಿಡಿದು ಹಗ್ಗ ಎಳೆಯುವ ಚಾಳಿ ಬಿಡಿ.

ಪ್ರಶ್ನೆ: ಬಾರ್‌ಗೆ ಜೀಪಿನ ಸುಟ್ಟ ಆಯಿಲ್ ಹಾಕಿದರೆ ಏನಾಗುತ್ತದೆ? ಹೋದ ವರ್ಷ ಮಿಕ್ಸ್ ಮಾಡಿಟ್ಟ ಪೆಟ್ರೋಲ್ ಎರಡು ಲೀಟರ್ ಉಳಿದಿದೆ. ಬಳಸಬಹುದೇ?
(ಬಾಳೆಹೊನ್ನೂರಿನ ಕಾಫಿ ಬೆಳೆಗಾರರು)

ಉತ್ತರ: ಎರಡೂ ಬೇಡ. ಸುಟ್ಟ ಆಯಿಲ್‌ನಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ. ಅದು ಆಯಿಲ್ ಪಂಪನ್ನೂ ಬಾರ್‌ನ ಅಂಚಿನಲ್ಲಿ ಚೈನ್ ಓಡುವ ಸೀಳನ್ನೂ ತಿನ್ನುತ್ತದೆ. ಚೈನ್ ಓಡುವಾಗ ಆ ಆಯಿಲ್ ನಿಮ್ಮ ಕೈಗೆ, ಬಟ್ಟೆಗೆ, ಗಿಡದ ಬುಡಕ್ಕೆ ಸಿಡಿಯುತ್ತಲೇ ಇರುತ್ತದೆ. ಅದು ಚರ್ಮಕ್ಕೂ ಒಳ್ಳೆಯದಲ್ಲ. ಬಾರ್ ಆಯಿಲ್ ಅಂತಲೇ ಸಿಗುವ ಅಂಟಾದ ಎಣ್ಣೆ ಹಾಕಿ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಬಾರ್ ಆಯಿಲ್ ಕೂಡ ತುಂಬಿಸಿ. ಎಣ್ಣೆ ಬರುತ್ತಿದೆಯೇ ಅಂತ ನೋಡಲು ಬಾರ್ ತುದಿಯನ್ನು ಒಂದು ಒಣ ಬೊಡ್ಡೆಯ ಹತ್ತಿರ ಹಿಡಿದು, ತಾಗಿಸದೆ, ರೇಸ್ ಕೊಡಿ. ಬೊಡ್ಡೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು.

ಪೆಟ್ರೋಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರವೇ? ನೀರು ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಸೇರಿ ಕ್ಯಾನಿನ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ 2ಟಿ ಆಯಿಲ್, ಅಂದರೆ ಇಂಜಿನ್ ಒಳಗೆ ಸವೆಯದಂತೆ ಕಾಯುವ ಎಣ್ಣೆ, ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅಂದರೆ ಇಂಜಿನ್ನು, ಆಯಿಲ್ ಇಲ್ಲದ್ದನ್ನೇ ಕುಡಿಯುತ್ತದೆ. ಗೀರು ಬಿದ್ದ ಪಿಸ್ಟನ್ ಹಿಡಿದುಕೊಂಡು ಜೂನ್, ಜುಲೈಯಲ್ಲಿ ನನ್ನ ಅಂಗಡಿಗೆ ಬರುವವರು ಬಹಳ. ಕಾರ್ಬುರೇಟರಿನ ರಬ್ಬರ್ ಪದರವೂ ಇದರಿಂದ ಬಿರುಸಾಗುತ್ತದೆ.

ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಒಂದು ತಿಂಗಳಿಗಿಂತ ಹಳೆಯದನ್ನು ಹಾಕಬೇಡಿ. 50ಕ್ಕೆ 1 ಅಂತ ನಿಮ್ಮ ಮಿಷನ್ ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿಲಿ ಆಯಿಲ್. 25ಕ್ಕೆ 1 ಅಂತಿದ್ದರೆ 40 ಮಿಲಿ. ಕಣ್ಣಂದಾಜು ಬೇಡ, ಔಷಧಿ ಬಾಟಲಿಯ ಮುಚ್ಚಳವಾದರೂ ಇಟ್ಟುಕೊಂಡು ಅಳೆಯಿರಿ. ಮಳೆಗಾಲಕ್ಕೆ ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

ಪ್ರಶ್ನೆ: ಕೆಲಸದವರು ಚೈನ್‌ಗೆ ಅರ ಹಾಕಿದ್ದೇನೆ ಅನ್ನುತ್ತಾರೆ. ಆದರೂ ಹೊಗೆ ಬರುತ್ತದೆ, ಕೊಯ್ತ ಒಂದು ಕಡೆಗೆ ವಾಲುತ್ತದೆ.
(ಸಾಗರದ ಓದುಗರು)

ಉತ್ತರ: ಕೆಳಗೆ ಬೀಳುವ ಹೊಟ್ಟು ನೋಡಿ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೈನ್ ಹರಿತ. ಹಿಟ್ಟಿನ ಹಾಗೆ ಬಿದ್ದರೆ ಮೊಂಡು. ಮೊಂಡಾದಾಗ ನಾವು ಮಿಷನ್ ಮೇಲೆ ಭಾರ ಹಾಕಿ ಒತ್ತುತ್ತೇವೆ. ಒತ್ತಿ ಕೊಯ್ಯುವಾಗ ಕೊಂಬೆ ತುಂಡಾದ ಕೂಡಲೇ ಬಾರ್ ಸೀದಾ ಕಾಲಿನ ಕಡೆ ಬರುತ್ತದೆ. ವಾಲುವುದು ಯಾಕೆಂದರೆ ಒಂದು ಕಡೆಯ ಹಲ್ಲು ಉದ್ದ, ಇನ್ನೊಂದು ಕಡೆಯದು ಗಿಡ್ಡ. ಬಲಗೈಯವರಿಗೆ ಒಂದು ಕಡೆಗೆ ಅರ ಚೆನ್ನಾಗಿ ಓಡುತ್ತದೆ, ಇನ್ನೊಂದು ಕಡೆಗೆ ಕೈ ಸೋಲುತ್ತದೆ. ಅದಕ್ಕೇ ಎಣಿಸಿಕೊಂಡು ಹಾಕಿ. ಈ ಹಲ್ಲಿಗೆ ನಾಲ್ಕು ಎಳೆತವಾದರೆ ಆ ಹಲ್ಲಿಗೂ ನಾಲ್ಕೇ.

ಈ ಹಲ್ಲಿನ ಆಕಾರಕ್ಕೆ ಒಂದು ಕಥೆ ಇದೆ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕೊಯ್ಯುತ್ತಿದ್ದ ಜೋಸೆಫ್ ಕಾಕ್ಸ್ ಅನ್ನುವವರು ಒಂದು ದುಂಬಿಯ ಮರಿಹುಳು ಬೊಡ್ಡೆಯನ್ನು ಕೊರೆಯುವುದನ್ನು ಕಂಡರು. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆರೆಯುತ್ತಿತ್ತು. ಅದನ್ನೇ ನೋಡಿ ಎಡ ಬಲ ಹಲ್ಲಿನ ಚೈನ್ ಮಾಡಿದರು, ಮರುವರ್ಷ ಮಾರಿದರು. ನಮ್ಮ ಅರೇಬಿಕಾ ಗಿಡ ಕೆಡಿಸುವ ಬಿಳಿ ಕಾಂಡಕೊರಕವೂ ಅದೇ ದುಂಬಿ ಕುಟುಂಬದ್ದು. ಎಡ, ಬಲ ಸಮ ಇರಬೇಕಾದದ್ದು ಆಗಿನಿಂದಲೂ ಚೈನ್‌ನ ಮೂಲ ಗುಣ.

ಅರ ದುಂಡಗಿರಬೇಕು, ಚೈನ್‌ಗೆ ತಕ್ಕ ದಪ್ಪದ್ದಿರಬೇಕು. .325 ಇಂಚಿನ ಅಳತೆಯ ಚೈನ್‌ಗೆ 4.8 ಮಿಮೀ, ಸಣ್ಣ ಮಿಷನ್ನಿನ ತೆಳು ಚೈನ್‌ಗೆ 4 ಮಿಮೀ. ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಒತ್ತಿ, ವಾಪಸ್ ಬರುವಾಗ ಎತ್ತಿ. ಓರೆ ಸಾಮಾನ್ಯವಾಗಿ 30 ಡಿಗ್ರಿ. ಹಲ್ಲಿನ ಮುಂದಿರುವ ಸಣ್ಣ ಗುಬುಟನ್ನು ಬೇಗ ಕೊಯ್ಯಲಿ ಅಂತ ತಗ್ಗಿಸಬೇಡಿ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ಹಿಡಿತ ಇಡುವುದೇ ಅದು. ಜಾಸ್ತಿ ತಗ್ಗಿಸಿದರೆ ಮೇಲೆ ಹೇಳಿದ ಕಿಕ್‌ಬ್ಯಾಕ್ ಇನ್ನೂ ಜೋರು. ಕೆಲಸ ಮುಗಿದ ಮೇಲೆ ಚೈನ್ ಸ್ವಲ್ಪ ಸಡಿಲ ಮಾಡಿ, ತಣ್ಣಗಾದಾಗ ಅದು ಕುಗ್ಗುತ್ತದೆ.

ಪ್ರಶ್ನೆ: ಗಾಳಿಗೆ ಹಲಸಿನ ಮರ ಬೇರು ಸಮೇತ ಬಿದ್ದು ಬೇಲಿ ಮೇಲೆ ಮಲಗಿದೆ. ನನ್ನ ಮಗ ತಾನೇ ಕೊಯ್ಯುತ್ತೇನೆ ಅನ್ನುತ್ತಾನೆ, ಅದೂ ಲುಂಗಿ, ಹವಾಯಿ ಚಪ್ಪಲಿಯಲ್ಲಿ. ನನಗೆ ಭಯ.
(ಶೃಂಗೇರಿ ಹತ್ತಿರದ ಒಬ್ಬ ತಾಯಿ)

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾದದ್ದು. ಬಿದ್ದ ಮರ ನಿಂತ ಮರಕ್ಕಿಂತ ಕಷ್ಟ. ಹಸಿ ಕೋಲನ್ನು ಬಗ್ಗಿಸಿ ನೋಡಿ. ಒಳಗಿನ ಮೈ ಅದುಮಿಕೊಳ್ಳುತ್ತದೆ, ಹೊರಗಿನ ಮೈ ಎಳೆದುಕೊಳ್ಳುತ್ತದೆ. ಮಲಗಿದ ಬೊಡ್ಡೆಯೂ ಹಾಗೇ. ಎರಡೂ ಕಡೆ ಆನಿಕೊಂಡು ಸೇತುವೆಯ ಹಾಗಿದ್ದರೆ ಮೇಲಿನ ಮೈ ಅದುಮಿಕೊಂಡಿರುತ್ತದೆ. ಮೊದಲು ಮೇಲಿನಿಂದ ಸ್ವಲ್ಪವೇ ಕೊಯ್ದು, ಆಮೇಲೆ ಕೆಳಗಿನಿಂದ ಮುಗಿಸಬೇಕು. ತುದಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಇದಕ್ಕೆ ತಿರುಗುಮುರುಗು. ತಪ್ಪಿದರೆ ಬಾರ್ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೊಡ್ಡೆ ಸೀಳಿ ಎಗರುತ್ತದೆ.

ಮಗನಿಗೆ ಹೇಳಿ, ಲುಂಗಿ ಬೇಡ. ಚೈನ್ ತಾಗಿದರೆ ನಾರು ಹೊರಬಂದು ಚೈನ್ ಅನ್ನೇ ಕಟ್ಟಿಹಾಕುವ ಪ್ಯಾಂಟು ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಬದುಕಿಡೀ ನಡೆಯಬೇಕಾದ ಕಾಲಿಗಲ್ಲವೇ? ಗಟ್ಟಿ ಬೂಟು, ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ. ಒಬ್ಬನೇ ಹೋಗುವುದು ಬೇಡ. ಬೇಲಿಯ ಹತ್ತಿರ ಕರೆಂಟ್ ತಂತಿ ಸಿಕ್ಕಿದ್ದರೆ ಮರ ಮುಟ್ಟಲೇಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಎದ್ದು ನಿಂತ ಆ ಬೇರು. ಬೊಡ್ಡೆಯ ಭಾರ ತಪ್ಪಿದ ಕೂಡಲೇ ಅದು ಮಣ್ಣು ಸಮೇತ ಧಡ್ ಅಂತ ಗುಂಡಿಗೆ ವಾಪಸ್ ಕೂರಬಹುದು, ಕೆಲವೊಮ್ಮೆ ಈ ಕಡೆಗೂ ಉರುಳಬಹುದು. ಬುಡದ ಕೊಯ್ತವನ್ನು ನಿಮ್ಮ ಮಗ ಮಾಡುವುದು ಬೇಡ. ಹಿಟಾಚಿ ತರಿಸಿ, ಅದು ಬೇರನ್ನು ಹಿಡಿದುಕೊಂಡಿರುವಾಗ ಅನುಭವ ಇರುವವರು ಕೊಯ್ಯಲಿ. ಅಲ್ಲಿಯವರೆಗೆ ಆ ಗುಂಡಿಯ ಹತ್ತಿರ ಮಕ್ಕಳನ್ನೂ ದನಕರುಗಳನ್ನೂ ಬಿಡಬೇಡಿ.