ಇರುವ ಕಿಣ್ವ ಸಾಲದೇ?

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಸಿಟಾಗ್ಲಿಪ್ಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದರ ತಯಾರಿಕೆಯಲ್ಲಿ ‘ತಿದ್ದಿದ ಕಿಣ್ವ’ ಬಳಸುತ್ತಾರೆಂದು ಓದಿದೆ. ಪ್ರಕೃತಿಯಲ್ಲಿರುವ ಕಿಣ್ವ ಸಾಲದೇ? ಹೊಸ ಔಷಧ ಹುಡುಕುವವರಿಗೂ ಇದರಿಂದ ಉಪಯೋಗವಿದೆಯೇ?

ಉತ್ತರ: ಸಾಲದು. ಮೊದಲು ಕೈರಲ್ ಅಣುಗಳ ವಿಷಯ ಹೇಳಿಬಿಡುತ್ತೇನೆ. ಪರಮಾಣುಗಳು ಅವೇ, ಜೋಡಣೆಯ ಕ್ರಮವೂ ಅದೇ. ಆದರೂ ಎಡಗೈ-ಬಲಗೈಗಳಂತೆ ಒಂದು ಇನ್ನೊಂದರ ಪ್ರತಿಬಿಂಬ. ದೇಹಕ್ಕೆ ಇವು ಬೇರೆ ಬೇರೆ ವಸ್ತುಗಳೇ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್‌ನ ಒಂದು ರೂಪ ರೋಗಾಣುವನ್ನು ತಡೆಯುತ್ತದೆ, ಅದರ ಪ್ರತಿಬಿಂಬಕ್ಕೆ ಆ ಶಕ್ತಿ ತೀರಾ ಕಡಿಮೆ. (ಗರ್ಭಿಣಿಯರು ತೆಗೆದುಕೊಂಡು ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ, ಎಲ್ಲರೂ ಹೇಳುವ ಥಾಲಿಡೊಮೈಡ್ ಔಷಧದ ಕತೆಯನ್ನು ಬೇಕೆಂತಲೇ ಬಿಟ್ಟಿದ್ದೇನೆ. ಅದರ ಎರಡು ರೂಪಗಳೂ ದೇಹದೊಳಗೆ ಒಂದಕ್ಕೊಂದು ಬದಲಾಗುತ್ತವೆ. ‘ಒಳ್ಳೆಯದನ್ನಷ್ಟೇ ಕೊಟ್ಟಿದ್ದರೆ ಸಾಕಿತ್ತು’ ಎಂಬ ಮಾತು ನಿಲ್ಲುವುದಿಲ್ಲ.)

ಸಿಟಾಗ್ಲಿಪ್ಟಿನ್‌ಗೂ ಒಂದೇ ರೂಪ ಬೇಕು. ಮೊದಲು ಅದಕ್ಕೆ ಹೆಚ್ಚಿನ ಒತ್ತಡದ ಹೈಡ್ರೋಜನ್, ದುಬಾರಿ ಲೋಹವಾದ ರೋಡಿಯಂ ಬೇಕಿದ್ದವು. ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳವರು ಕೀಟೋನ್ ಎಂಬ ಬಗೆಯ ಅಣುವನ್ನು ಅಮೈನ್ (ಸಾರಜನಕವಿರುವ ಅಣು; ಸಿಟಾಗ್ಲಿಪ್ಟಿನ್ ಅಂಥದ್ದೇ) ಮಾಡಬಲ್ಲ ಟ್ರಾನ್ಸ್‌ಅಮಿನೇಸ್ ಕಿಣ್ವವೊಂದನ್ನು ಹಿಡಿದರು. ಆದರೆ ಔಷಧವಾಗಬೇಕಾದ ಕೀಟೋನ್ ಗಾತ್ರದಲ್ಲಿ ದೊಡ್ಡದು, ಕಿಣ್ವದ ಪೊಟರೆಯೊಳಗೆ ಹೋಗುತ್ತಲೇ ಇರಲಿಲ್ಲ. ಮೊದಲು ಅದೇ ಕೀಟೋನಿನ ಮೊಟಕು ರೂಪವೊಂದನ್ನು ಕೊಟ್ಟು, ಪೊಟರೆಯನ್ನು ಹಿಗ್ಗಿಸುತ್ತಾ ಬಂದರು. ಕಿಣ್ವವನ್ನು ರೂಪಿಸುವ ಜೀನ್‌ನಲ್ಲಿ ಬದಲಾವಣೆ ಮಾಡುವುದು, ಹುಟ್ಟಿದ ಕಿಣ್ವಗಳನ್ನೆಲ್ಲ ಪರೀಕ್ಷಿಸುವುದು, ಗೆದ್ದದ್ದನ್ನು ಮತ್ತೆ ತಿದ್ದುವುದು. ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ತಂದದ್ದು ಇದೇ ವಿಧಾನ.

2010ರಲ್ಲಿ ಪ್ರಕಟವಾದ ಅಂತಿಮ ಕಿಣ್ವದಲ್ಲಿ 27 ಬದಲಾವಣೆಗಳಿದ್ದವು. ಬೇಕಾದ ರೂಪದ ಶುದ್ಧತೆ 99.95 ಶೇಕಡಕ್ಕೂ ಮಿಗಿಲು. ನನಗೆ ಇದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಸಂಗತಿ: ಪಾತ್ರೆಯಲ್ಲಿ ಅರ್ಧದಷ್ಟು ಡಿಎಂಎಸ್‌ಒ ದ್ರಾವಕವಿದ್ದರೂ ಅದು ಕೆಲಸ ಮಾಡಿತು. ಸಾಧಾರಣ ಕಿಣ್ವವಾಗಿದ್ದರೆ ಅಲ್ಲೇ ಕೆಟ್ಟು ಕೂರುತ್ತಿತ್ತು. ತಯಾರಿಕೆಯ ಕಡೆ ಕೆಲಸ ಮಾಡಿದವಳಾದ್ದರಿಂದ ನಾನು ಮೊದಲು ಕೇಳುವುದೂ ಅದನ್ನೇ.

ಔಷಧ ಹುಡುಕುವವರ ಪಾಡು ಬೇರೆ. ಈ ವಾರ ಬೇಕಾದ ಅಣು ಮುಂದಿನ ವಾರ ಬೇಡವಾಗಬಹುದು. ಅದಕ್ಕೆಂದೇ ಕಿಣ್ವ ಬೆಳೆಸುತ್ತಾ ಕೂರಲು ಪುರಸೊತ್ತಿಲ್ಲ. ಮೊದಲೇ ತಿದ್ದಿಟ್ಟ ಕಿಣ್ವಗಳು ಪುಟ್ಟ ಗುಳಿಗಳ ತಟ್ಟೆಯಲ್ಲಿ ಸಿಗುತ್ತವೆ. ಪ್ರತಿ ಗುಳಿಗೂ ಒಂದಿಷ್ಟು ಕೀಟೋನ್ ಹಾಕಿ, ರಾತ್ರಿಯಿಡೀ ಅಲುಗಾಡಲು ಬಿಟ್ಟು, ಬೆಳಿಗ್ಗೆ ಯಾವುದರಲ್ಲಿ ಯಾವ ರೂಪ ಬಂದಿದೆಯೆಂದು ನೋಡಿದರಾಯಿತು. ಅವರಿಗೆ ಎರಡೂ ರೂಪಗಳು ಬೇಕು, ಹೋಲಿಸಿ ನೋಡಬೇಕಲ್ಲ. ಅದಕ್ಕೇ ತಟ್ಟೆ ಕೊಳ್ಳುವ ಮುನ್ನ, ಎರಡೂ ರೂಪಗಳನ್ನು ಕೊಡುವ ಕಿಣ್ವಗಳು ಅದರಲ್ಲಿವೆಯೇ ಎಂದು ವಿಚಾರಿಸುತ್ತಾರೆ.