ಉಬುಂಟು ಅಪ್‌ಡೇಟ್ ನಂತರ ವೈ-ಫೈ ಕಾಣದಿದ್ದರೆ
ಉಬುಂಟು ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದ ಬಳಿಕ, ಬ್ರಾಡ್‌ಕಾಮ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಆಯ್ಕೆಯೇ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಇಂಥ ಸಂದರ್ಭದಲ್ಲಿ ಹಾರ್ಡ್‌ವೇರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ದಯವಿಟ್ಟು ಹೊಸ ಕಾರ್ಡ್ ಕೊಳ್ಳುವ ಆತುರ ಬೇಡ.

ಮೊದಲು ಕಂಪ್ಯೂಟರ್ ಆರಂಭವಾಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಆರಿಸಿ ನೋಡಿ. ಅದರಲ್ಲಿ ವೈ-ಫೈ ಕೆಲಸ ಮಾಡಿದರೆ ತೊಂದರೆ ಇರುವುದು ಡ್ರೈವರಿನಲ್ಲಿ, ಅಂದರೆ ವೈ-ಫೈ ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಬೇಕಾದ ಡ್ರೈವರ್ ಕರ್ನಲ್‌ನೊಂದಿಗೆ ಬರುವುದಿಲ್ಲವಾದ್ದರಿಂದ, ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ, ಅಂದರೆ ಆ ಕರ್ನಲ್‌ಗೆ ಹೊಂದುವಂತೆ ಸಿದ್ಧಪಡಿಸಬೇಕಾಗುತ್ತದೆ. ಆ ಕರ್ನಲ್‌ನ ಹೆಡರ್ ಕಡತಗಳು (ಕಂಪೈಲ್ ಮಾಡಲು ಬೇಕಾದ ಕಡತಗಳು) ಇಲ್ಲದಿದ್ದರೆ ಅಥವಾ ಡ್ರೈವರ್ ಹಳೆಯದಾಗಿದ್ದರೆ ಈ ಕೆಲಸ ವಿಫಲವಾಗುತ್ತದೆ.

ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಟೆದರಿಂಗ್ ಮೂಲಕ ಇಂಟರ್ನೆಟ್ ಪಡೆದು, ಹೊಸ ಕರ್ನಲ್‌ನ ಹೆಡರ್‌ಗಳನ್ನೂ ಆಮೇಲೆ ಡ್ರೈವರನ್ನೂ ಮರುಸ್ಥಾಪಿಸಿ.

ಸೆಕ್ಯೂರ್ ಬೂಟ್ (ಆರಂಭದಲ್ಲಿ ನಂಬಲರ್ಹ ತಂತ್ರಾಂಶಕ್ಕಷ್ಟೇ ಅವಕಾಶ ಕೊಡುವ ಸುರಕ್ಷತಾ ವ್ಯವಸ್ಥೆ) ಆನ್ ಇದ್ದರೆ ಇನ್ನೊಂದು ಎಚ್ಚರ ಅಗತ್ಯ: ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ತಿರಸ್ಕರಿಸುತ್ತದೆ. ಸ್ಥಾಪನೆಯ ವೇಳೆ ಪಾಸ್‌ವರ್ಡ್ ಕೇಳಿದ್ದರೆ, ರೀಸ್ಟಾರ್ಟ್ ಆಗುವಾಗ ಬರುವ ನೀಲಿ ಪರದೆಯನ್ನು ದಾಟಿಹೋಗದೆ, ‘ಎನ್‌ರೋಲ್ ಮೋಕ್’ (ಆ ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ನೀಡಿ.