ಬದನೆಕಾಯಿ ಏನು ತಪ್ಪು ಮಾಡಿತು?

‘ಆರು ವರ್ಷದಿಂದ ನನಗೆ ಮೊಣಕೈ, ಮೊಣಕಾಲು, ತಲೆಯಲ್ಲಿ ಕೆಂಪು ಮಚ್ಚೆ, ಮೇಲೆ ಬಿಳಿ ಹೊಟ್ಟು. ಡಾಕ್ಟರ್ ಸೋರಿಯಾಸಿಸ್ ಅಂದರು. ರಕ್ತ ಕೆಟ್ಟಿದೆ ಅಂತ ನಾದಿನಿ, ನಂಜು ಅಂತ ಅತ್ತೆ, ನಾಗದೋಷ ಅಂತ ಜೋಯಿಸರು. ಬದನೆಕಾಯಿ ಬಿಟ್ಟು ಆರು ವರ್ಷ ಆಯಿತು. ಕುಕ್ಕೆಗೂ ಹೋಗಿಬಂದೆವು. ನಿಜವಾಗಿ ಇದು ಯಾಕೆ ಬರುತ್ತದೆ? ನಾನೇನು ತಪ್ಪು ಮಾಡಿದೆ? ಮಗಳಿಗೂ ಬರುತ್ತದಾ?’
– ಓದುಗರೊಬ್ಬರು, ತಿಪಟೂರು

ನಮಸ್ಕಾರ ಅಮ್ಮ,

ನಿಮ್ಮ ಕಾಗದ ನಾಲ್ಕು ಪುಟ ಇತ್ತು. ಜಾಗ ಸಾಲದೆ ಮೇಲೆ ಚೂರು ಮಾತ್ರ ಹಾಕಿದ್ದೇವೆ. ಉಳಿದದ್ದನ್ನು ನಾನು ಎರಡು ಸಲ ಓದಿದೆ. ನಾನು ಡಾಕ್ಟರ್ ಅಲ್ಲ. ಆದರೆ ಈ ಕಾಯಿಲೆ ನಮ್ಮ ಮನೆಗೆ ಹೊಸದೂ ಅಲ್ಲ. ನನ್ನ ಸೋದರಮಾವ ಮೂವತ್ತು ವರ್ಷ ಇದರ ಜೊತೆ ಸಂಸಾರ ಮಾಡಿದವರು. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಊರಿನ ಕ್ಷೌರದಂಗಡಿಯವನು ಅವರನ್ನು ಒಳಗೆ ಕೂರಿಸುತ್ತಿರಲಿಲ್ಲ. ಕುಷ್ಠ ಅಂದುಕೊಂಡಿದ್ದ. ಸೋರಿಯಾಸಿಸ್ಸೇ ಬೇರೆ, ಕುಷ್ಠವೇ ಬೇರೆ ಅಂತ ವಿಯೆನ್ನಾದ ಡಾಕ್ಟರ್ ಫೆರ್ಡಿನಂಡ್ ಹೆಬ್ರಾ 1841ರಲ್ಲೇ ಖಚಿತವಾಗಿ ಹೇಳಿದ್ದರು. 1980ರ ದಶಕದಲ್ಲೂ ಆ ಸುದ್ದಿ ನಮ್ಮೂರಿಗೆ ಮುಟ್ಟಿರಲಿಲ್ಲ. ಇದು ಅಂಟುರೋಗ ಅಲ್ಲ. ನಿಮ್ಮ ಟವೆಲ್ ಬೇರೆ ಇಟ್ಟಿದ್ದಾರೆ ಅಂತ ಬರೆದಿದ್ದೀರಿ. ಈ ಪುಟವನ್ನು ಅವರ ಕೈಗೆ ಕೊಡಿ.

ಮೊದಲು ಬದನೆಕಾಯಿ ವಿಷಯ ಮುಗಿಸೋಣ. ಕೆಲವರಿಗೆ ಬದನೆಕಾಯಿ ತಿಂದರೆ ಬಾಯಿ ತುರಿಸುತ್ತದೆ, ಮೈಯೂ ಕಡಿಯುತ್ತದೆ. ಅದು ಅಲರ್ಜಿ. ಅದನ್ನು ನೋಡಿದ ನಮ್ಮ ಹಿರಿಯರು ಚರ್ಮದ ಕಾಯಿಲೆಗೆಲ್ಲ ‘ನಂಜು’ ಅಂತ ಒಂದೇ ಹೆಸರಿಟ್ಟು ಬದನೆಕಾಯಿಯನ್ನು ಮನೆಯಿಂದ ಆಚೆ ಹಾಕಿದರು. ಸೋರಿಯಾಸಿಸ್ಸು ಅಲರ್ಜಿ ಅಲ್ಲ. ಆರು ವರ್ಷ ಬಿಟ್ಟರೂ ಕಡಿಮೆಯಾಗಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಇನ್ನು ಎಣ್ಣೆಗಾಯಿ ಮಾಡಿಕೊಂಡು ತಿನ್ನಿ.

ನಾಗದೋಷ ಅನ್ನುವ ಮಾತು ಯಾಕೆ ಹುಟ್ಟಿತು ಅಂತ ಊಹಿಸುವುದು ಕಷ್ಟವಲ್ಲ. ಚರ್ಮ ಪದರಪದರವಾಗಿ ಎದ್ದು ಬೀಳುವುದನ್ನು ನೋಡಿದರೆ ಹಾವಿನ ಪೊರೆಯೇ ನೆನಪಾಗುತ್ತದೆ. ಕುಕ್ಕೆಗೆ ಹೋಗಿ ನಿಮ್ಮ ಮನಸ್ಸು ಹಗುರವಾಗಿದ್ದರೆ ಒಳ್ಳೆಯದೇ. ಆದರೆ ಚರ್ಮರೋಗ ಹೋಗಲಿ ಅಂತ ಎಂಜಲೆಲೆಯ ಮೇಲೆ ಉರುಳಿದವರೂ ನಮ್ಮ ನಾಡಿನಲ್ಲಿದ್ದಾರೆ. ಒಡೆದ ಚರ್ಮ ಇಟ್ಟುಕೊಂಡು ಅದನ್ನು ಮಾಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಇನ್ನು ನಿಜವಾಗಿ ಒಳಗೆ ಏನಾಗುತ್ತದೆ? ನಮ್ಮೆಲ್ಲರ ಚರ್ಮದ ಅಡಿಯಲ್ಲಿ ಹೊಸ ಜೀವಕೋಶ ಹುಟ್ಟಿ, ಮೆಲ್ಲಗೆ ಮೇಲೆ ಬಂದು, ಒಣಗಿ ಉದುರುತ್ತದೆ. ಇದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಉದುರಿದ್ದು ನಮಗೆ ಗೊತ್ತೂ ಆಗುವುದಿಲ್ಲ. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ನಾಲ್ಕೈದು ದಿನದಲ್ಲಿ ಮುಗಿದುಬಿಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಒತ್ತುತ್ತದೆ. ಆ ರಾಶಿಯೇ ನಿಮ್ಮ ಬಿಳಿ ಹೊಟ್ಟು.

ಬಹಳ ಕಾಲ ಡಾಕ್ಟರುಗಳೂ ತಪ್ಪೆಲ್ಲ ಚರ್ಮದ್ದೇ ಅಂದುಕೊಂಡಿದ್ದರು. 1979ರಲ್ಲಿ ಒಂದು ಕುತೂಹಲದ ಸಂಗತಿ ಬೆಳಕಿಗೆ ಬಂತು. ಕಸಿ ಮಾಡಿದ ಕಿಡ್ನಿಯ ಮೇಲೆ ದೇಹ ಯುದ್ಧ ಹೂಡದ ಹಾಗೆ ಕೊಡುವ ಸೈಕ್ಲೊಸ್ಪೊರಿನ್ ಅನ್ನುವ ಔಷಧಿಯನ್ನು ಕೀಲುನೋವಿನವರಿಗೆ ಕೊಟ್ಟು ನೋಡುತ್ತಿದ್ದರು. ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾಯಿತು. ಚರ್ಮಕ್ಕೆ ಅಂತ ಕೊಟ್ಟ ಮದ್ದೇ ಅಲ್ಲ ಅದು! ಅಲ್ಲಿಂದ ಎಲ್ಲರ ಕಣ್ಣು ರೋಗನಿರೋಧಕ ಶಕ್ತಿಯ ಕಡೆ ತಿರುಗಿತು. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ, ಕಳ್ಳ ಇಲ್ಲದ ಮನೆಯಲ್ಲಿ ರಾತ್ರಿಯಿಡೀ ಬೊಗಳುವ ನಾಯಿಯ ಹಾಗೆ, ಸುಮ್ನೆ ಚರ್ಮವನ್ನು ಕೆರಳಿಸುತ್ತವೆ. ‘ರಕ್ತ ಕೆಟ್ಟಿದೆ’ ಅಂದ ನಿಮ್ಮ ನಾದಿನಿ ಅರ್ಧ ದಾರಿ ಸರಿಯಾಗಿ ಬಂದಿದ್ದಾರೆ ಅನ್ನಬಹುದು. ಆದರೆ ರಕ್ತ ಶುದ್ಧಿ ಮಾಡುವ ಟಾನಿಕ್ಕಿನಿಂದ ಆ ನಾಯಿ ಸುಮ್ಮನಾಗುವುದಿಲ್ಲ.

ನಾಯಿ ಯಾಕೆ ಬೊಗಳುತ್ತದೆ ಅನ್ನುವುದಕ್ಕೆ ಎರಡು ಉತ್ತರ ಇದೆ. ಒಂದು ಹುಟ್ಟಿನಿಂದ ಬಂದದ್ದು. 6ನೇ ಕ್ರೋಮೋಸೋಮಿನ ಮೇಲೆ ಎಚ್‌ಎಲ್‌ಎ-ಸಿಡಬ್ಲ್ಯೂ6 ಅನ್ನುವ ಒಂದು ಬಗೆಯ ಜೀನ್ ಇದ್ದವರಿಗೆ ಸಾಧ್ಯತೆ ಜಾಸ್ತಿ. ಬೇರೆ ಜೀನುಗಳೂ ಎಷ್ಟೋ ಇವೆ. ಆದರೆ ಜೀನ್ ಒಂದೇ ಸಾಲದು. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಜೀವಮಾನದಲ್ಲೇ ಬಾರದೆ ಇರುವುದುಂಟು. ಒಳಗೆ ಸೌದೆ ಪೇರಿಸಿದ್ದರೂ ಕಡ್ಡಿ ಗೀರುವುದಕ್ಕೆ ಹೊರಗಿನದು ಏನಾದರೂ ಬೇಕು. ನಿಮ್ಮ ಕಾಗದದಲ್ಲಿ ನಾನು ಹುಡುಕಿದ್ದು ಆ ಕಡ್ಡಿಯನ್ನೇ.

ಎರಡನೇ ಪುಟದಲ್ಲಿ ಸಿಕ್ಕಿತು ಅನ್ನಿಸುತ್ತದೆ. ‘ಬಿಪಿ ಮಾತ್ರೆ ಶುರುವಾದ ವರ್ಷವೇ ಇದೂ ಶುರುವಾಯಿತು’ ಅಂತ ಯಾವುದೋ ಮಾತಿನ ನಡುವೆ ಬರೆದಿದ್ದೀರಿ. ಮಾತ್ರೆಯ ಹೆಸರು ಬರೆದಿಲ್ಲ. ಬೀಟಾ ಬ್ಲಾಕರ್ ಅನ್ನುವ ಗುಂಪಿನ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ಸನ್ನು ಎಬ್ಬಿಸುತ್ತವೆ ಅಥವಾ ಇದ್ದದ್ದನ್ನು ಹೆಚ್ಚಿಸುತ್ತವೆ. ಅದೂ ಮಾತ್ರೆ ಶುರುವಾಗಿ ತಿಂಗಳುಗಳ ಮೇಲೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಹೀಗೆ ‘ಒಲಾಲ್’ ಅಂತ ಮುಗಿಯುವ ಹೆಸರು ನಿಮ್ಮ ಚೀಟಿಯಲ್ಲಿ ಇದೆಯಾ ನೋಡಿ. ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಕೂಡ ಹೀಗೆ ಮಾಡಬಲ್ಲವು. ಇದ್ದರೆ ಚೀಟಿಯನ್ನು ಬಿಪಿ ಡಾಕ್ಟರಿಗೂ ಚರ್ಮದ ಡಾಕ್ಟರಿಗೂ ತೋರಿಸಿ. ಇದನ್ನು ಓದಿ ನಾಳೆ ಬೆಳಿಗ್ಗೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಮೂರನೇ ಪುಟದಲ್ಲಿ ಇನ್ನೊಂದು ಇದೆ. ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗದಲ್ಲೇ ಗೆರೆ ಎಳೆದ ಹಾಗೆ ಎದ್ದಿದೆ ಅಂದಿರಿ. ಈಗಾಗಲೇ ಸೋರಿಯಾಸಿಸ್ ಇದ್ದವರಿಗೆ ಚರ್ಮ ತರಚಿದ, ಉಜ್ಜಿದ, ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಹುಟ್ಟುವುದುಂಟು. 1870ರ ದಶಕದಲ್ಲಿ ಕೋಬ್ನರ್ ಅನ್ನುವ ಜರ್ಮನ್ ಡಾಕ್ಟರ್ ಇದನ್ನು ಗುರುತಿಸಿದರು. ಅವರ ರೋಗಿಯೊಬ್ಬರಿಗೆ ಕುದುರೆ ಕಚ್ಚಿದ ಜಾಗದಲ್ಲೂ ಹಚ್ಚೆಯ ಗೆರೆಯ ಮೇಲೂ ಎದ್ದಿತ್ತಂತೆ. ಮೊಣಕೈ, ಮೊಣಕಾಲಿನಲ್ಲಿ ಜಾಸ್ತಿ ಕಾಣುವುದಕ್ಕೆ ಅಲ್ಲಿನ ದಿನದ ಉಜ್ಜಾಟವೂ ಒಂದು ಕಾರಣ ಇರಬಹುದು. ಲಾಡಿ ಬಿಟ್ಟು ಅಗಲದ ಪಟ್ಟಿಯ ಲಂಗ ಹಾಕಿ. ಹೊಟ್ಟನ್ನು ಉಗುರಿನಿಂದ ಕೆರೆಯಬೇಡಿ, ಸ್ನಾನದಲ್ಲಿ ಕಲ್ಲಿನಿಂದ ಉಜ್ಜಬೇಡಿ.

ಚಳಿಗಾಲದ ಒಣಹವೆ, ಸಿಗರೇಟು, ಕುಡಿತ, ಹೆಚ್ಚಾದ ಮೈತೂಕ, ಇವೂ ಕಡ್ಡಿಗಳೇ. ಮನಸ್ಸಿನ ಒತ್ತಡವೂ ಹೌದು. ಆದರೆ ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಪುಕ್ಕಟೆ ಸಲಹೆ ಕೊಡುವವರನ್ನು ಕಂಡರೆ ನನಗೆ ರೇಗುತ್ತದೆ. ಟವೆಲ್ ಬೇರೆ ಇಟ್ಟ ಮನೆಯಲ್ಲಿ ಟೆನ್ಷನ್ ಇಲ್ಲದೆ ಇರುವುದು ಹೇಗೆ?

ನಮ್ಮ ಮಾವನಿಗೆ ಕಡ್ಡಿ ಗೀರಿದ್ದು ಒಂದು ಪುಡಿ. ಗ್ಯಾರಂಟಿ ವಾಸಿ ಅಂತ ಯಾರೋ ಕೊಟ್ಟಿದ್ದು. ಮೂರೇ ವಾರದಲ್ಲಿ ಮೈ ನುಣುಪಾಯಿತು. ಊರಿಗೆಲ್ಲ ತೋಳು ಮಡಚಿ ತೋರಿಸಿಕೊಂಡು ಬಂದರು. ಪುಡಿ ಮುಗಿದು ಹತ್ತು ದಿನಕ್ಕೆ ತಲೆಯಿಂದ ಪಾದದ ತನಕ ಕೆಂಪಾಗಿ, ಜ್ವರ ನಡುಕ ಬಂದು ಆಸ್ಪತ್ರೆ ಸೇರಿದರು. ಪುಡಿಯಲ್ಲಿ ಸ್ಟಿರಾಯ್ಡ್ ಇದ್ದಿರಬೇಕು ಅಂತ ಅಲ್ಲಿನ ಡಾಕ್ಟರ್ ಅಂದರು. ಹೊಟ್ಟೆಗೆ ತೆಗೆದುಕೊಂಡ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಸೋರಿಯಾಸಿಸ್ ಹೀಗೆ ಭುಗಿಲೇಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಬಾಯಿಮಾತಿಗೆ ಸಿಗುವ ಟ್ಯೂಬುಗಳ ವಿಷಯದಲ್ಲೂ ಹುಷಾರು.

ಮಗಳ ವಿಷಯ. ತಂದೆತಾಯಿಯಲ್ಲಿ ಒಬ್ಬರಿಗೆ ಇದ್ದರೆ, ನಾಲ್ಕು ಮಕ್ಕಳಲ್ಲಿ ಮೂವರಿಗಾದರೂ ಬರುವುದಿಲ್ಲ ಅನ್ನುವುದು ಅಂದಾಜು. ಅವಳಿಗೆ ಈಗಿನಿಂದ ಪಥ್ಯ ಬೇಡ. ಒಂದೇ ಎಚ್ಚರ ಸಾಕು. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟು, ಎರಡು ಮೂರು ವಾರ ಕಳೆದ ಮೇಲೆ ಮೈಮೇಲೆ ಮಳೆಹನಿ ಸಿಡಿದ ಹಾಗೆ ಪುಟ್ಟ ಕೆಂಪು ಚುಕ್ಕೆ ಏಳುವುದು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಜಾಸ್ತಿ. ಗಂಟಲು ನೋವು ಜ್ವರ ಜೋರಾಗಿದ್ದರೆ ಕಷಾಯ ಕೊಟ್ಟು ಕೂರಬೇಡಿ, ತೋರಿಸಿ.

ಕೊನೆಗೆ, ನೀವು ಕೇಳದೆ ಇದ್ದದ್ದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ಅದಕ್ಕೇ ಅಕ್ಷರ ಸೊಟ್ಟಗಿದೆ, ಕ್ಷಮಿಸಿ ಅಂತ ಕೊನೇ ಸಾಲಿನಲ್ಲಿ ಬರೆದಿದ್ದೀರಿ. ಅಮ್ಮ, ಇದು ವಯಸ್ಸಿನ ನೋವು ಅಂತ ತಳ್ಳಿಹಾಕಬೇಡಿ. ಸೋರಿಯಾಸಿಸ್ ಇರುವವರಲ್ಲಿ ಎಷ್ಟೋ ಜನರಿಗೆ ಅದೇ ಉರಿ ಕೀಲುಗಳಿಗೂ ಇಳಿಯುತ್ತದೆ. ತಡಮಾಡಿದರೆ ಕೆಟ್ಟ ಕೀಲು ಮತ್ತೆ ಸರಿಯಾಗುವುದಿಲ್ಲ, ಬೇಗ ಹಿಡಿದರೆ ತಡೆಯಬಹುದು. ಮಚ್ಚೆ ತೋರಿಸಲು ಹೋದಾಗ ಡಾಕ್ಟರಿಗೆ ಬೆರಳಿನ ವಿಷಯವನ್ನೇ ಮೊದಲು ಹೇಳಿ. ಈ ವಾರವೇ ಹೋಗಿ.

– ಸಂಪಾದಕ